ಕಪ್ಪು ಕಿಟಕಿ ಕಾಣಬಾರದು

ಜೂನ್ 3, ಸೋಮವಾರ

ಕಚೇರಿಯ ಬಾಗಿಲು ತೆರೆಯುವುದಕ್ಕೂ ನನ್ನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. "ಎಫ್ ಡ್ರೈವ್ ಇಲ್ಲ." ಇಟ್ಟರೆ ಇನ್ನೊಬ್ಬಳು. "ನನ್ನದೂ ಇಲ್ಲ." ಮತ್ತೊಬ್ಬಳು ಹಲೋ ಅನ್ನುವ ಮೊದಲೇ ನಾನು "ಬರ್ತೀನಿ" ಎಂದು ಇಟ್ಟುಬಿಟ್ಟೆ.

ಆಸ್ಪತ್ರೆಯ ದಾಖಲೆ ವಿಭಾಗ ನಮ್ಮದು, ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ವೈದ್ಯರು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಇಲ್ಲಿನ ಟೈಪಿಸ್ಟರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ವರದಿಯಾಗಿ ಟೈಪ್ ಮಾಡಿ, ಎಲ್ಲರಿಗೂ ಸೇರಿದ ಎಫ್ ಡ್ರೈವ್‌ನಲ್ಲಿ ಇಡಬೇಕು. ಬೆಳಿಗ್ಗೆ ಪ್ರತಿಯೊಬ್ಬರೂ ಲಾಗಿನ್ ಆಗುತ್ತಿದ್ದಂತೆ ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ, ಓಡಿ ಆ ಡ್ರೈವನ್ನು ಜೋಡಿಸುತ್ತದೆ. ಅದು ಓಡುವಷ್ಟು ಹೊತ್ತು ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದಿರುತ್ತದೆ. ಹುಡುಗಿಯರು ಅದನ್ನು ಕಂಡ ಕೂಡಲೇ ವೈರಸ್ ಎಂದು ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚುತ್ತಾರೆ. ಕಿಟಕಿ ಸತ್ತರೆ ಸ್ಕ್ರಿಪ್ಟೂ ಸತ್ತಿತು, ಎಫ್ ಡ್ರೈವೂ ಸತ್ತಿತು. ಆಮೇಲೆ ನನ್ನ ಪ್ರಾಣ ತಿನ್ನುತ್ತಾರೆ.

ಮಧ್ಯಾಹ್ನ ಮೇಲ್ವಿಚಾರಕ ಬಂದ. ಆ ಕಪ್ಪು ಕಿಟಕಿ ಇನ್ನು ಕಾಣಬಾರದಂತೆ. ನಾನು ಎದ್ದು ನಿಂತು ಹೇಳಿದೆ: "ತನ್ನ ಯಂತ್ರದಲ್ಲಿ ಏನು ನಡೀತಿದೆ ಅಂತ ನೋಡೋದು ಕೆಲಸಗಾರರ ಹಕ್ಕು ಸಾರ್. ಮರೆಯಲ್ಲಿ ನಡೆಯೋ ಯಾವ ಕೆಲಸವೂ ಜನರ ಪರವಾಗಿರಲ್ಲ."

"ಹಕ್ಕು ಇರಲಿ ಬಿಡಮ್ಮ, ಎಫ್ ಡ್ರೈವ್ ಎಲ್ಲಿ?"

ಇಡೀ ಕೋಣೆ ನಕ್ಕಿತು. ನನಗೆ ಇವರು ಇಟ್ಟಿರುವ ಹೆಸರು 'ಕರಪತ್ರ'. ಹಳೇ ಪುಸ್ತಕದ ರಾಶಿಯಲ್ಲಿ ಹೆಕ್ಕಿದ ತೆಳು ಪುಸ್ತಿಕೆಗಳನ್ನೇ ಓದಿ ಬೆಳೆದವಳೆಂಬುದು ನನಗೇನೂ ನಾಚಿಕೆಯಲ್ಲ. ಗೋಡೆ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮ ಮಾತ್ರ ನಗದೆ ತಲೆ ತಗ್ಗಿಸಿದಳು. ಅದು ನಗುವುದಕ್ಕಿಂತ ಕೆಟ್ಟದು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅವಳು, ಅವರಿವರ ಕಾಲು ಹಿಡಿದು ಈ ಕೆಲಸಕ್ಕೆ ಸೇರಿಸಿದವಳೂ ಅವಳು. ಜೂನ್ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತದೆ. ಮುಂದುವರಿಸುವುದು ಬಿಡುವುದು ಆ ಮೇಲ್ವಿಚಾರಕನ ಕೈಯಲ್ಲಿದೆ.

ಒಂದು ವಿಷಯ ಬರೆಯಲೇಬೇಕು. ಗೋಡೆ ಸಾಲಿನ ನಾಲ್ವರು ಹಳಬರಿಂದ ಇದುವರೆಗೆ ಒಂದು ಕರೆಯೂ ಬಂದಿಲ್ಲ. ಹಳೆಯ ಕಂಪ್ಯೂಟರುಗಳು, ಹಳೆಯ ಮನುಷ್ಯರು, ದೂರೇ ಇಲ್ಲ. ಶಿಸ್ತು ಅಂದರೆ ಅದು.

ಜೂನ್ 5, ಬುಧವಾರ

ಜನರಿಗೆ ತಿಳಿಸಿ ಹೇಳಿದರೆ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಕನ್ನಡದಲ್ಲಿ ಬರೆದೆ: "ಗೆಳೆಯರೇ, ಇದು ನಿಮ್ಮ ಡ್ರೈವ್ ಜೋಡಿಸುತ್ತಿದೆ, ಮುಚ್ಚಬೇಡಿ." ಆ ಕಪ್ಪು ಕಿಟಕಿಗೆ ನಮ್ಮ ಅಕ್ಷರ ಬರುವುದಿಲ್ಲವೆಂದು ಯಾರಿಗೆ ಗೊತ್ತಿತ್ತು. ಎಲ್ಲರ ಪರದೆಯ ಮೇಲೂ ಸಾಲುಸಾಲು ಖಾಲಿ ಚೌಕಗಳು. ಮೊದಲು ಯೋಚಿಸಿ ಮುಚ್ಚುತ್ತಿದ್ದವರೂ ಇವತ್ತು ಯೋಚಿಸದೆ ಮುಚ್ಚಿದರು.

"ಕರಪತ್ರ, ನಿನ್ನ ಕ್ರಾಂತಿ ಬರೀ ಡಬ್ಬಾ ಡಬ್ಬಾ ಬರ್ತಿದೆಯಲ್ಲೇ," ಅಂದಳು ಬಾಗಿಲ ಬಳಿ ಕೂರುವವಳು.

ಸಂಜೆ ಮನೆಯಲ್ಲಿ ಚಿಕ್ಕಮ್ಮ ಸೂಜಿ ದಾರ ಹಿಡಿದು ಬಂದಳು. "ಪೋಣಿಸಿಕೊಡೇ. ಎಡಗಣ್ಣಿಗೆ ಯಾಕೋ ಮಂಜು ಮಂಜು." ಪೋಣಿಸಿಕೊಡುತ್ತಾ ಅವಳಿಗೆ ನೋಡುವ ಹಕ್ಕಿನ ಬಗ್ಗೆ ವಿವರವಾಗಿ ಹೇಳಿದೆ. ಅವಳು ಗುಂಡಿ ಹೊಲಿದು ಮುಗಿಸಿದರೂ ನನ್ನ ಮಾತು ಮುಗಿದಿರಲಿಲ್ಲ.

ಜೂನ್ 8, ಶನಿವಾರ

ಮೇಲ್ವಿಚಾರಕ ಕೋಣೆಗೆ ಕರೆದ. ಕೂರು ಅನ್ನಲಿಲ್ಲ. ಎಲ್ಲರ ಕಡತಗಳನ್ನೂ ಇಡುವ ದೊಡ್ಡ ಕಂಪ್ಯೂಟರು ಬದಲಾಗುತ್ತದಂತೆ, ಸೋಮವಾರದಿಂದ ಹೊಸ ಸರ್ವರ್. ಎಲ್ಲರ ಎಫ್ ಡ್ರೈವೂ ಅದಕ್ಕೇ ಜೋಡಣೆಯಾಗಬೇಕು, ಹಳೆಯದನ್ನು ಒಂದೆರಡು ವಾರದಲ್ಲಿ ಕಳಚಬೇಕು. "ಸೋಮವಾರ ಒಂದೇ ಒಂದು ಕಪ್ಪು ಕಿಟಕಿ ಕಂಡರೂ ನಿನ್ನ ಕಾಗದಕ್ಕೆ ನಾನು ಸಹಿ ಹಾಕಲ್ಲ. ನಿನ್ನ ಚಿಕ್ಕಮ್ಮನ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದೆ."

ಅಲ್ಲಿಂದ ಹೊರಟು ಬಂದುಬಿಡಬೇಕಿತ್ತು. ಬರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. ಜನ ತಮ್ಮ ಒಳಿತನ್ನು ತಾವೇ ಮೂಲೆಯ ಗುಂಡಿ ಒತ್ತಿ ಮುಚ್ಚುತ್ತಿದ್ದರೆ, ಅವರನ್ನು ಅವರ ಬೆರಳಿನಿಂದಲೇ ಕಾಪಾಡಬೇಕಾದ ಕಾಲ ಬರುತ್ತದೆ. ಇದಕ್ಕೆ ಹೊಂದುವ ಒಂದು ಪುಟ ಎಲ್ಲೋ ಓದಿದ್ದೆ. ಪೆಟ್ಟಿಗೆಯಲ್ಲಿ ಹುಡುಕಬೇಕು.

ಜೂನ್ 9, ಭಾನುವಾರ

ಆಗಿಬಿಟ್ಟಿತು. ಮೊದಲು ಕಿಟಕಿಯನ್ನು ಸಣ್ಣದಾಗಿ ಕೆಳಗಿಳಿಸಿದೆ, ಆದರೂ ಕಣ್ಣು ಮಿಟುಕಿಸುವಷ್ಟು ಹೊತ್ತು ಮಿನುಗಿ ಹೋಗುತ್ತಿತ್ತು. ಆಮೇಲೆ ಸ್ಕ್ರಿಪ್ಟನ್ನು ನೇರವಾಗಿ ಓಡಿಸದೆ, ಅದನ್ನು ಓಡಿಸಲೆಂದೇ ಇನ್ನೊಂದು ಪುಟ್ಟ ಕಡತ ಬರೆದೆ. ಒಂದೇ ಸಾಲು. ವಿಂಡೋಸ್‌ಗೆ 'ಇದನ್ನು ಓಡಿಸು' ಎಂದು ಹೇಳಿ ಪಕ್ಕದಲ್ಲಿ ಒಂದು ಸೊನ್ನೆ. ಆ ಸೊನ್ನೆಯ ಅರ್ಥ, ಕಿಟಕಿ ಬೇಡ. ಒಳಗಿನ ಹಳೆಯ ಸಾಲುಗಳನ್ನು, ನನಗಿಂತ ಮುಂಚೆ ಇದ್ದವನು ಬರೆದಿಟ್ಟಂತೆಯೇ ಬಿಟ್ಟೆ: ಮೊದಲು ಹಳೆಯ ಜೋಡಣೆಗಳನ್ನೆಲ್ಲ ಕಿತ್ತುಹಾಕು, ಆಮೇಲೆ ಎಫ್ ಡ್ರೈವ್ ಜೋಡಿಸು. ಸರ್ವರಿನ ಹೆಸರನ್ನಷ್ಟೇ ಬದಲಿಸಿದೆ.

ಕಚೇರಿಯಿಂದ ತಂದಿದ್ದ ಹೊಸ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಮತ್ತೆ ಲಾಗಿನ್ ಆಗಿ ನೋಡಿದೆ. ಏನೂ ಇಲ್ಲ. ಗಾಳಿ ಬಂದು ಹೋದಷ್ಟೂ ಗುರುತಿಲ್ಲ. ಇಂಥ ಸೊಗಸಾದ ಕೆಲಸ ನಾನು ಇದುವರೆಗೆ ಮಾಡಿರಲಿಲ್ಲ.

ಜೂನ್ 10, ಸೋಮವಾರ

ಒಂದೂ ಫೋನ್ ಇಲ್ಲ. ಮಧ್ಯಾಹ್ನದವರೆಗೆ ಕಾದು, ಫೋನೇ ಕೆಟ್ಟಿದೆಯೇನೋ ಎಂದು ಎತ್ತಿ ಕಿವಿಗಿಟ್ಟು ನೋಡಿದೆ. ಮೇಲ್ವಿಚಾರಕ ಬಾಗಿಲಲ್ಲಿ ನಿಂತು ತಲೆ ಆಡಿಸಿ ಹೋದ.

ಸಂಜೆ ನಡೆದು ಬರುವಾಗ ಚಿಕ್ಕಮ್ಮ ಅಂದಳು, "ಇವತ್ತು ಬೆಳಿಗ್ಗೆ ಮಿಷನ್ನು ಏನೂ ಕೇಳಲೇ ಇಲ್ಲ ಕಣೆ."

"ಕೇಳಬಾರದು ಚಿಕ್ಕಮ್ಮ. ಅದೇ ನನ್ನ ಕೆಲಸ."

"ಓ," ಅಂದಳು.

ಜೂನ್ 18, ಮಂಗಳವಾರ

ವಾರವಿಡೀ ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಮೇಲ್ವಿಚಾರಕ ಓಡಿಬಂದ. ವಾರ್ಡುಗಳಿಂದ ಬೈಗುಳ. ಶಸ್ತ್ರಚಿಕಿತ್ಸೆಯ ವರದಿಗಳು ಸಿಗುತ್ತಿಲ್ಲ, ರೋಗಿಗಳನ್ನು ಮನೆಗೆ ಕಳಿಸಲಾಗುತ್ತಿಲ್ಲ, ಒಬ್ಬ ವೈದ್ಯರು ಇಡೀ ವರದಿಯನ್ನು ಇನ್ನೊಂದು ಸಲ ಬಾಯಲ್ಲಿ ಹೇಳಬೇಕಾಯಿತಂತೆ.

"ಸರ್ವರ್‌ನಲ್ಲಿ ಏನಾದ್ರೂ ತಪ್ಪಿದೆಯಾ?"

ಕೂತಲ್ಲೇ ನೋಡಿದೆ. ಸರ್ವರ್ ಕನ್ನಡಿಯ ಹಾಗಿದೆ. "ಏನೂ ತಪ್ಪಿಲ್ಲ. ಇಲ್ಲಿಲ್ಲ ಅಂದ್ರೆ ಇಲ್ಲ ಅಷ್ಟೇ. ಟೈಪ್ ಮಾಡಿರಲ್ಲ."

"ಖಚಿತವಾ?"

"ನೂರಕ್ಕೆ ನೂರು."

ಯಾರ ವರದಿಗಳೆಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೆನ್ನು ತಟ್ಟುವವನಂತೆ ಮೇಜು ತಟ್ಟಿ ಹೋದ.

ಜೂನ್ 20, ಗುರುವಾರ

ಗೋಡೆ ಸಾಲಿನ ಹಿರಿಯರನ್ನು ಎಲ್ಲರೂ ಗಡಿಯಾರ ಮಾವ ಅನ್ನುತ್ತಾರೆ, ಅವರು ಬಂದ ಹೊತ್ತು ನೋಡಿ ಗೋಡೆ ಗಡಿಯಾರ ತಿದ್ದಬಹುದು. ಅವರು ಇವತ್ತು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. "ನಿಮ್ಮ ಚಿಕ್ಕಮ್ಮ ನಿನಗೆ ಹೇಳಿಲ್ವೇನಮ್ಮ? ನಮ್ಮ ನಾಲ್ವರಿಗೂ ನೋಟಿಸು. ಹತ್ತನೇ ತಾರೀಖಿನಿಂದ ಒಂದು ವರದಿಯನ್ನೂ ಮಾಡಿಲ್ವಂತೆ ನಾವು. ಅವಳಿಗಂತೂ ಕಣ್ಣಿನ ಪರೀಕ್ಷೆ ಮಾಡಿಸ್ತಾರಂತೆ, ಕೆಲಸಕ್ಕೆ ಯೋಗ್ಯಳೋ ಅಲ್ವೋ ಅಂತ. ಅಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ನಾವೇನು ಪಿಯಾನೋ ನುಡಿಸ್ತಿದ್ವಾ?"

ಮನೆಗೆ ಬಂದು ಕೇಳಿದೆ. ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು, ತಿರುಗಲಿಲ್ಲ.

"ಮಾಡಿದ್ದೆ ಕಣೆ. ಮಾಡಿದೀನಿ ಅಂತಲೇ ಅಂದ್ಕೊಂಡಿದ್ದೆ. ನನ್ನ ಕಂಪ್ಯೂಟರ್‌ನಲ್ಲಿ ಕಾಣ್ತದೆ, ಅವರದ್ದರಲ್ಲಿ ಕಾಣಲ್ಲ. ನಿಮ್ಮ ಕಣ್ಣಿಗೆ ಮಾತ್ರ ಕಾಣ್ತದೇನೋ ಅಂತ ನಕ್ಕರು. ಸರ್ವರ್ ಸರಿ ಇದೆ, ಗೊತ್ತಿರೋರೇ ನೋಡಿ ಹೇಳಿದಾರೆ ಅಂದ್ರು."

"ಯಾರಂತೆ ಆ ಗೊತ್ತಿರೋರು?"

ಅವಳು ತಟ್ಟೆ ಒರೆಸಿದಳು. ಬರೆಯುತ್ತಿರುವಾಗ ತಿಳಿಯಿತು. ನಾನೇ.

ಇರಲಿ. ನಾನು ಹೇಳಿದ್ದು ಯಂತ್ರದ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ. ಅದನ್ನು ಬಳಸಿಕೊಂಡು ಹಳಬರನ್ನು ಹೊರದಬ್ಬಲು ನೋಡುತ್ತಿರುವವರು ಅವರು. ನಗುತ್ತಾರಂತೆ. ಇದು ವ್ಯವಸ್ಥೆಯ ಪಿತೂರಿ. ಕರಪತ್ರ ಎಂದು ಕರೆದರಲ್ಲ, ಅದು ಹೇಗಿರುತ್ತದೆಂದು ತೋರಿಸುತ್ತೇನೆ. ಈಗಲೇ ಬರೆಯಲು ಕೂರುತ್ತೇನೆ.

ಜೂನ್ 22, ಶನಿವಾರ

ಕರಪತ್ರ ಅಚ್ಚಾಗಿ ಬಂತು. 'ದುಡಿದ ಕೈಗಳಿಗೆ ಕಳಂಕ' ಎಂಬ ತಲೆಬರಹ. ಸೋಮವಾರ ಬಾಗಿಲಲ್ಲೇ ಹಂಚುತ್ತೇನೆ. ಕಚೇರಿಯಲ್ಲಿ ಎಲ್ಲರೂ ಹೊರಟಮೇಲೆ ಹಳೆಯ ಸರ್ವರ್ ಆಫ್ ಮಾಡಿದೆ. ಅದರ ಡಿಸ್ಕುಗಳನ್ನು ಗುಜರಿಗೆ ಹಾಗೇ ಕೊಡಲು ಬಿಡಲಿಲ್ಲ, ರೋಗಿಗಳ ಗುಟ್ಟು ಅದರಲ್ಲಿದೆ. ಸೋಮವಾರ ಎಲೆಕ್ಟ್ರಿಷಿಯನ್ ಅವಕ್ಕೆ ಡ್ರಿಲ್ಲಿನಿಂದ ತೂತು ಹೊಡೆಯಬೇಕೆಂದು ಪಟ್ಟು ಹಿಡಿದು ಒಪ್ಪಿಸಿದ್ದೇನೆ.

ಚಿಕ್ಕಮ್ಮ ಕರಪತ್ರದ ಕಟ್ಟು ನೋಡಿ, "ಹಂಚಬೇಡ್ವೇ" ಅಂದಳು. ಅಷ್ಟೇ. ಊಟ ಮಾಡಲಿಲ್ಲ.

ಜೂನ್ 24, ಸೋಮವಾರ

ಎಲ್ಲಿಂದ ಬರೆಯಲಿ.

ಬೆಳಿಗ್ಗೆ ಬೇಗ ಹೋದೆವು. ಹಂಚುವುದಕ್ಕೆ ಇನ್ನೂ ಸಮಯವಿತ್ತು. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮನ ಪಕ್ಕ ಕೂತೆ. ಈ ಕೆಲಸಕ್ಕೆ ಸೇರಿದಮೇಲೆ ಅವಳ ಪಕ್ಕ ಕೂತದ್ದು ಅದೇ ಮೊದಲು. ದೂರಿಲ್ಲದವರ ಹತ್ತಿರ ನಾನು ಹೋಗಿಯೇ ಇರಲಿಲ್ಲ. ಅವಳು ಕನ್ನಡಕ ಒರೆಸಿಕೊಂಡಳು, ಹೆಸರು ಒತ್ತಿದಳು, ಪಾಸ್‌ವರ್ಡ್ ಒತ್ತಿದಳು. ಪರದೆ ಬಂತು, ಖಾಲಿ. ಅವಳ ಬೆರಳು ತಾನಾಗಿ ಹೋಗಿ ವೈ ಒತ್ತಿತು. ಆಮೇಲೆ ಎಂಟರ್. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡಳು.

"ಅದೇನು ಒತ್ತಿದ್ದು?"

"ಯಾವುದು? ವೈ? ಬೆಳಿಗ್ಗೆ ಒತ್ತೋದಲ್ವಾ, ದಿನಾ."

"ಯಾಕೆ?"

"ಯಾಕೆ ಅಂದ್ರೆ?" ಸ್ವಿಚ್ ಯಾಕೆ ಹಾಕ್ತೀರಿ ಎಂದು ಕೇಳಿದಂತೆ ನೋಡಿದಳು. "ಆ ಕಪ್ಪು ಕಿಟಕಿ ಬರ್ತದಲ್ಲ, ಏನೋ ಕೇಳ್ತದೆ ಇಂಗ್ಲಿಷಿನಲ್ಲಿ. ವೈ ಒತ್ತಿ ಎಂಟರ್ ಒತ್ತಿದ್ರೆ ಹೋಗ್ತದೆ. ಈ ಸಾಲಿನಲ್ಲಿ ಎಲ್ಲರೂ ಒತ್ತೋದೇ. ನಿನಗಿಂತ ಮುಂಚೆ ಇದ್ದ ಹುಡುಗ ಹೇಳಿಕೊಟ್ಟಿದ್ದ. ಈಗ ಕಿಟಕಿ ಬರಲ್ಲ, ಆದ್ರೂ ಕೈ ಕೇಳಬೇಕಲ್ಲ."

ತೊಡೆಯ ಮೇಲಿದ್ದ ಕಟ್ಟು ಕೆಳಗೆ ಬಿತ್ತು.

ಹಳೆಯ ಜೋಡಣೆಗಳನ್ನೆಲ್ಲ ಕಿತ್ತುಹಾಕು ಎಂಬ ಸಾಲು ಸುಮ್ಮನೆ ಕೀಳುವುದಿಲ್ಲ. ನೆನಪಿಟ್ಟುಕೊಂಡ ಜೋಡಣೆ ಏನಾದರೂ ಇದ್ದರೆ, ನಿಜವಾಗಿಯೂ ಕೀಳಲೇ, ಹೌದೋ ಇಲ್ಲವೋ ಎಂದು ಕೇಳಿ ನಿಲ್ಲುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಅಂಥ ಜೋಡಣೆ ಇಲ್ಲ, ಪ್ರಶ್ನೆಯೂ ಇಲ್ಲ. ನಾನು ಪರೀಕ್ಷಿಸಿದ್ದು ಹೊಸದರಲ್ಲಿ. ಈ ನಾಲ್ಕು ಹಳೆಯವುಗಳಲ್ಲಿ ಮಾತ್ರ ಅದು ಪ್ರತಿ ಬೆಳಿಗ್ಗೆ ಕೇಳುತ್ತಿತ್ತು, ಇವರು ಪ್ರತಿ ಬೆಳಿಗ್ಗೆ ವೈ ಒತ್ತಿ ಹೌದು ಅನ್ನುತ್ತಿದ್ದರು. ನಾನು ಕಿಟಕಿ ಮುಚ್ಚಿದೆ. ಅದು ಮರೆಯಲ್ಲಿ ನಿಂತು ಕೇಳುತ್ತಲೇ ಇತ್ತು. ಇವಳು ಖಾಲಿ ಪರದೆಗೆ ಹೌದು ಅನ್ನುತ್ತಲೇ ಇದ್ದಳು. ಒಂದು ಇನ್ನೊಂದಕ್ಕೆ ಮುಟ್ಟಲಿಲ್ಲ. ಮುಂದಿನ ಸಾಲು ಓಡಲಿಲ್ಲ. ಇವರ ಎಫ್ ಡ್ರೈವ್ ಹಳೆಯ ಸರ್ವರಿಗೇ ಅಂಟಿಕೊಂಡಿತ್ತು. ಇವರು ಟೈಪ್ ಮಾಡಿದ್ದೆಲ್ಲ ಅಲ್ಲಿಗೇ ಹೋಗಿತ್ತು.

"ನೋಡು, ಇವತ್ತು ನನಗೂ ಕಾಣ್ತಿಲ್ಲ," ಅಂದಳು ಚಿಕ್ಕಮ್ಮ. ಎಫ್ ಡ್ರೈವಿನ ಮೇಲೆ ಕೆಂಪು ಗುರುತು ಬಿದ್ದಿತ್ತು. "ಅವರು ಹೇಳಿದ್ದೇ ನಿಜವೇನೋ. ಎಲ್ಲಾ ನನ್ನ ತಲೇಲೇ ಇತ್ತೇನೋ."

ಹಳೆಯ ಸರ್ವರ್ ಆಫ್ ಮಾಡಿದವಳು ನಾನು. ಡಿಸ್ಕಿಗೆ ತೂತು ಹೊಡೆಯಿರಿ ಎಂದವಳು ನಾನು.

ಓಡಿದೆ. ಲಿಫ್ಟಿಗೆ ಕಾಯಲಿಲ್ಲ. ಎರಡು ಕಡೆ ಮೆಟ್ಟಿಲು ತಪ್ಪಿತು. ಡ್ರಿಲ್ಲಿನ ಸದ್ದು ನೆಲಮಾಳಿಗೆಯಿಂದ ಗೋಡೆಯೊಳಗೆ ಹತ್ತಿ ಬರುತ್ತಿತ್ತು, ಹಲ್ಲಿನ ಬುಡ ಕೊರೆದ ಹಾಗೆ. ಅರ್ಧ ದಾರಿಯಲ್ಲಿ ನಿಂತುಹೋಯಿತು. ಸದ್ದು ನಿಂತದ್ದು ಸದ್ದಿಗಿಂತ ಭಯಂಕರವಾಗಿತ್ತು. ಕೆಳಗೆ ಹೋದಾಗ ಎಲೆಕ್ಟ್ರಿಷಿಯನ್ ಇರಲಿಲ್ಲ. ಹಲಗೆಯ ಮೇಲೆ ಒಂದು ಡಿಸ್ಕ್, ನಡುವೆ ತೂತು, ಸುತ್ತ ಬೆಳ್ಳಿಯಂಥ ಪುಡಿ. ಅದನ್ನು ಕೈಗೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಇನ್ನೂ ಬಿಸಿಯಿತ್ತು.

ಅವನು ಬಾಯಿ ಒರೆಸಿಕೊಳ್ಳುತ್ತಾ ಬಂದ. "ಚಾ ಕುಡಿಯೋಕೆ ಹೋಗಿದ್ದೆ. ಏನಮ್ಮ, ಸತ್ತೋರ ಮನೇಲಿ ಕೂತ ಹಾಗೆ ಕೂತಿದೀಯ? ಇನ್ನೊಂದು ಬಾಕಿ ಇದೆ, ಅದಕ್ಕೂ ಹೊಡೆದು ಕೊಡ್ತೀನಿ ಇರು."

ಇನ್ನೊಂದು. ಆ ಸರ್ವರಿನಲ್ಲಿ ಡಿಸ್ಕು ಜೋಡಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಬರೆದಿರುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ನನಗೆ ಗೊತ್ತಿದ್ದ ವಿಷಯವೇ. ಆ ಹೊತ್ತಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಎರಡನೆಯದು ಅವನ ಚೀಲದ ಪಕ್ಕದಲ್ಲಿತ್ತು, ಮೇಲೆ ಅವನ ಬೀಡಿ ಕಟ್ಟು. ಎತ್ತಿ ಎದೆಗವಚಿಕೊಂಡೆ.

"ಅಯ್ಯೋ, ನೀನೇ ಅಲ್ವೇನಮ್ಮ ಎರಡಕ್ಕೂ ಹೊಡಿ ಅಂದಿದ್ದು," ಅಂದ ಅವನು.

ಮಧ್ಯಾಹ್ನ ಡಿಸ್ಕನ್ನು ಹಳೆಯ ಸರ್ವರಿನ ಪೆಟ್ಟಿಗೆಗೇ ಮತ್ತೆ ಹಾಕಿ ತೆರೆದೆ. ನಾಲ್ವರ ಹೆಸರಿನಲ್ಲಿ ನಾಲ್ಕು ಫೋಲ್ಡರು. ಚಿಕ್ಕಮ್ಮನದರಲ್ಲಿ ಎಲ್ಲಾ ಇತ್ತು. ಒಂದನ್ನು ತೆರೆದು ಓದಿದೆ, ಯಾರದೋ ಮೊಣಕಾಲಿನ ಶಸ್ತ್ರಚಿಕಿತ್ಸೆ. ಕೆಲವು ಅಕ್ಷರಗಳು ಎರಡೆರಡು ಸಲ ಬಿದ್ದಿದ್ದವು, ಪಕ್ಕದ ಕೀಲಿ ತಾಗಿತ್ತು, ಆದರೂ ಒಂದು ಸಾಲೂ ಬಿಟ್ಟುಹೋಗಿರಲಿಲ್ಲ. ಆ ಕಣ್ಣಿಟ್ಟುಕೊಂಡು.

ಕರಪತ್ರಗಳನ್ನು ಹಂಚಲಿಲ್ಲ. ನೆನಪೇ ಆಗಲಿಲ್ಲ.

ಜೂನ್ 25, ಮಂಗಳವಾರ

ಮೇಲ್ವಿಚಾರಕರು ಈ ಸಲ ಕೂರಲು ಹೇಳಿದರು. ನಡೆದದ್ದನ್ನೆಲ್ಲ ಕೇಳಿದರು. ವಾರ್ಡುಗಳ ಬೈಗುಳ ಕೇಳಿ ಕೇಳಿ ಅವರ ಮುಖವೂ ಇಳಿದುಹೋಗಿದೆ.

"ನೋಡಮ್ಮ, ಮೇಲಿನವರಿಗೆ ನಾನು ಏನಾದ್ರೂ ಬರೀಲೇಬೇಕು. ಹಳಬರು ತಮ್ಮದೇ ಅಭ್ಯಾಸ ಇಟ್ಕೊಂಡಿದ್ರು, ಕಂಪ್ಯೂಟರಿನವರಿಗೆ ತಿಳಿಸಲಿಲ್ಲ, ಹಾಗಾಗಿ ಗೊಂದಲ ಆಯ್ತು ಅಂತ ಬರೀತೀನಿ. ಅವರಿಗೆ ಒಂದು ಎಚ್ಚರಿಕೆ ಕೊಟ್ಟು ಬಿಡೋಣ. ಕಣ್ಣಿನ ಪರೀಕ್ಷೆ ಹೇಗಿದ್ರೂ ಆಗಲಿ. ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ."

ಇಂಥ ಹೊತ್ತಿಗೆಂದು ಎಷ್ಟೋ ವರ್ಷದಿಂದ ಮಾತು ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಸ್ಕ್ರಿಪ್ಟ್ ನಂದು ಸಾರ್. ಅವರು ಟೈಪ್ ಮಾಡಿಲ್ಲ ಅಂತ ಹೇಳಿದ್ದೂ ನಾನೇ. ಚಿಕ್ಕಮ್ಮ ಮೊದಲ ದಿನವೇ ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ. ಹಾಗೇ ಬರೀರಿ."

"ಹಾಗೆ ಬರೆದ್ರೆ ನಿನ್ನ ಇಟ್ಕೊಳ್ಳೋಕಾಗಲ್ಲ."

"ಆಯ್ತು."

ನೋಟಿಸು ನಾಲ್ಕೂ ವಾಪಸ್. ಪರೀಕ್ಷೆಯೂ ಇಲ್ಲ. ಗಡಿಯಾರ ಮಾವ ನನ್ನ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋದರು.

ಜೂನ್ 28, ಶುಕ್ರವಾರ

ಕೊನೆಯ ದಿನ. ಸ್ಕ್ರಿಪ್ಟಿನ ಆ ಸಾಲಿನ ಕೊನೆಗೆ 'ಹೌದು' ಎಂಬುದನ್ನು ಮೊದಲೇ ಸೇರಿಸಿಟ್ಟೆ. ಒಂದು ಓರೆಗೆರೆ, ಒಂದು ವೈ. ಇಷ್ಟೇ ಬೇಕಿದ್ದದ್ದು. ಇನ್ನು ಅದು ಯಾರನ್ನೂ ಕೇಳುವುದಿಲ್ಲ, ಕಿಟಕಿಯೂ ಕಾಣುವುದಿಲ್ಲ. ಜೋಡಣೆ ತಪ್ಪಿದರೆ ಮಾತ್ರ ಬಿಳಿ ಪರದೆಯಲ್ಲಿ, ನಮ್ಮ ಅಕ್ಷರದಲ್ಲಿ, ದೊಡ್ಡದಾಗಿ ಹೇಳುತ್ತದೆ. ಕರಪತ್ರಗಳ ಹಿಂಬದಿ ಖಾಲಿಯಿತ್ತು. ಅದರ ಮೇಲೆ ದಪ್ಪ ಪೆನ್ನಿನಲ್ಲಿ, ಹಾಗೆ ಹೇಳಿದರೆ ಏನು ಮಾಡಬೇಕೆಂದು ಬರೆದು ಎಲ್ಲರ ಮೇಜಿಗೂ ಅಂಟಿಸಿದೆ. ಒಬ್ಬೊಬ್ಬರ ಪಕ್ಕವೂ ಕೂತು, ಬೆಳಿಗ್ಗೆ ಏನೇನು ಒತ್ತುತ್ತೀರಿ ಎಂದು ಕೇಳಿದೆ. ಬಾಗಿಲ ಬಳಿಯವಳು ಲಾಗಿನ್ ಆದಮೇಲೆ ಮೌಸನ್ನು ಮೂರು ಸಲ ಕುಟ್ಟುತ್ತಾಳೆ. ಯಾಕೆಂದು ಅವಳಿಗೂ ಗೊತ್ತಿಲ್ಲ.

ಚಿಕ್ಕಮ್ಮ ಇವತ್ತೂ ವೈ ಒತ್ತಿದಳು.

"ಈಗ ಅದೇನೂ ಕೇಳಲ್ಲ ಚಿಕ್ಕಮ್ಮ."

"ಗೊತ್ತು ಕಣೆ. ನನಗೆ ತೋರಿಸದೆ ಕೇಳ್ತಿದ್ರೆ ಅಂತ."

ಜುಲೈ 2, ಮಂಗಳವಾರ

ಬೆಳಗಿನ ಹೊತ್ತು ಈಗ ನನಗೆ ಖಾಲಿ. ಚಿಕ್ಕಮ್ಮನಿಗೆ ಅರ್ಧ ದಿನ ರಜೆ ಹಾಕಿಸಿ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. "ನೀನು ಹೊರಗಿರು. ಒಳಗೆ ಬಂದ್ರೆ ಭಾಷಣ ಶುರು ಮಾಡ್ತೀಯ," ಅಂದಳು. ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ಈಗ ಚೆನ್ನಾಗಿ ಕಾಣ್ತದಾ?" ವೈದ್ಯರ ದನಿ.

"ಹೌದು."

ಗಾಜು ಬದಲಿಸಿದ ಸದ್ದು. "ಈಗ?"

"ಹೌದು."

"ಇದರಲ್ಲಿ?"

"ಹೌದು, ಹೌದು."

"ಎಲ್ಲಾದರಲ್ಲೂ ಹೇಗಮ್ಮ ಹೌದಾಗ್ತದೆ?"

ಎದ್ದು ಒಳಗೆ ಹೋದೆ. ದೊಡ್ಡ ಕಬ್ಬಿಣದ ಚೌಕಟ್ಟು ಮೂಗಿನ ಮೇಲೆ ಕೂರಿಸಿಕೊಂಡು, ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಗೋಡೆಯತ್ತ ನೆಟ್ಟಗೆ ನೋಡುತ್ತಾ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕೂತೆ.

"ಚಿಕ್ಕಮ್ಮ, ಇಲ್ಲಿ ಯಾರೂ ನೋಟಿಸು ಕೊಡಲ್ಲ. ಕಾಣದಿದ್ರೆ ಇಲ್ಲ ಅನ್ನು."

ವೈದ್ಯರು ಇನ್ನೊಂದು ಗಾಜು ಇಟ್ಟರು. "ಈಗ?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಕೈ ನನ್ನ ಕಡೆ ಬಂತು. ಹಿಡಿದುಕೊಂಡೆ.

"ಇಲ್ಲ," ಅಂದಳು. ತನ್ನ ದನಿ ತಾನೇ ಕೇಳಿಸಿಕೊಂಡವಳ ಹಾಗೆ ಸ್ವಲ್ಪ ತಡೆದಳು. ಆಮೇಲೆ ಗಟ್ಟಿಯಾಗಿ, "ಇಲ್ಲ ಡಾಕ್ಟ್ರೇ. ಇದು ಕಾಣಲ್ಲ."